ಒಂದೇ ಮಗ್ಗುಲು ಅಚ್ಚಾದ ಹಾಳೆ

ಜನವರಿ 11

ಅಮ್ಮಾ,

ಮೊದಲು ಈ ಹಾಳೆಯನ್ನು ತಿರುಗಿಸಿ ಹಿಂದೆ ನೀಲಿ ಅಕ್ಷರದಲ್ಲಿ ಅಚ್ಚಾಗಿರುವುದನ್ನು ಓದು. ನನ್ನ ಬರಹ ಆಮೇಲೆ. ಓದಿಯಾಯಿತೆ? ಸುಳ್ಳು ಹೇಳಬೇಡ. ತಲೆಬರಹ ನೋಡಿ ಗಬಕ್ಕನೆ ಮಡಚಿ ದಿಂಬಿನ ಕೆಳಗೆ ಇಟ್ಟಿರುತ್ತೀಯ. ತೆಗೆದು ಓದು.

ಇದು ಯಾವುದೋ ಆರೋಗ್ಯ ಕಚೇರಿಯವರು ನಮ್ಮ ಪ್ರೆಸ್ಸಿಗೆ ಕೊಟ್ಟ ಕರಪತ್ರ. ಮಸಿ ಹದಕ್ಕೆ ಬರುವ ತನಕ ಮೊದಲ ಐವತ್ತು ಅರವತ್ತು ಹಾಳೆಗಳು ಹಾಳಾಗುತ್ತವೆ. ಅವು ಒಂದು ಮಗ್ಗುಲು ಅಚ್ಚು, ಇನ್ನೊಂದು ಮಗ್ಗುಲು ಖಾಲಿ. ಮಡಚುವ ಮೇಜಿನಲ್ಲಿ ಕೆಲಸ ಮಾಡುವ ನಾವು ಅವನ್ನು ಒಯ್ಯಬಹುದು. ಇನ್ನು ಮೇಲೆ ನಿನಗೆ ಇದರಲ್ಲೇ ಬರೆಯುತ್ತೇನೆ, ಪ್ರತಿ ಸಲವೂ ಇದನ್ನೇ ಓದುವಂತಾಗಲಿ ಎಂದು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಲಾಡ್ಜಿನ ಫೋನು ಇರುವುದು ಕೌಂಟರಿನ ಮೇಲೆ, ಮ್ಯಾನೇಜರನ ಮೊಣಕೈ ಹತ್ತಿರ.

ನನಗೆ ಹದಿಮೂರು ವರ್ಷವಾಗಿದ್ದಾಗ ಒಂದು ದಿನ ನನ್ನ ಒಳಬಟ್ಟೆ ನಿನ್ನ ಕೈಗೆ ಸಿಕ್ಕಿತು. ನೀನು ಒಂದು ಮಾತೂ ಆಡಲಿಲ್ಲ. ಮಾರನೆಯ ದಿನ ಬಚ್ಚಲಿನ ಗೂಡಿನಲ್ಲಿ ಒಂದು ವಾಸನೆ ಸೋಪು ಮತ್ತು ಲಾಡ್ಜಿನಿಂದ ತಂದ ಕ್ರಿಮಿನಾಶಕದ ಬಾಟಲಿ ಇದ್ದವು. "ಒಂದು ಮುಚ್ಚಳ ಹಾಕ್ಕೊ. ಚೆನ್ನಾಗಿ ಒಳಗಿನ ತನಕ ತೊಳ್ಕೊ," ಎಂದೆ. ಅಷ್ಟೆ. ಆ ಮುಚ್ಚಳವನ್ನು ನಾನು ಹನ್ನೊಂದು ವರ್ಷ ಅಳೆದಿದ್ದೇನೆ. ದಿನಕ್ಕೆ ಎರಡು ಸಲ. ಪ್ರೆಸ್ಸಿನಲ್ಲಿ ಎಲ್ಲರಿಗಿಂತ ಮೊದಲು ಬಂದು ಕಿಟಕಿಯ ಪಕ್ಕದ ಜಾಗ ಹಿಡಿಯುತ್ತಿದ್ದೆ. ಮಸಿ, ಸೀಮೆಎಣ್ಣೆ, ಅಂಟು ಇವುಗಳ ನಡುವೆಯೂ ನನ್ನ ವಾಸನೆಯೇ ಎಲ್ಲರ ಮೂಗಿಗೆ ಬಡಿಯುತ್ತದೆ ಎಂದು ನಂಬಿದ್ದೆ. ಹೋದ ಮಳೆಗಾಲದಿಂದ ಉರಿ ಬೇರೆ. ಉರಿ ಹೆಚ್ಚಾದಷ್ಟೂ ಹೆಚ್ಚು ತೊಳೆದೆ.

ಹಿಂದೆ ಏನು ಬರೆದಿದೆ ನೋಡು. ಕಣ್ಣಿಗೆ ನೀರು, ಬಾಯಿಗೆ ಜೊಲ್ಲು ಇದ್ದ ಹಾಗೆ ಇದಕ್ಕೂ ಒಂದು ಪಸೆ ಇದೆ. ಅದು ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ತಿಂಗಳಲ್ಲಿ ಕೆಲವು ದಿನ ಮೊಟ್ಟೆಯ ಬಿಳಿಯಂತೆ ತೆಳ್ಳಗೆ ಎಳೆಯಾಗಿ ಬರುತ್ತದೆ, ಕೆಲವು ದಿನ ಗಟ್ಟಿಯಾಗಿ ಬೆಳ್ಳಗೆ ಇರುತ್ತದೆ, ಬಟ್ಟೆಯ ಮೇಲೆ ಒಣಗಿದರೆ ತುಸು ಹಳದಿಯಾಗಿ ಕಾಣುತ್ತದೆ. ಸ್ವಲ್ಪ ವಾಸನೆ ಮೈಗೆ ಸಹಜ. ಹೊರಗೆ ಬರೀ ನೀರು ಸಾಕು. ಒಳಗೆ ಸೋಪು, ಔಷಧಿ ಏನೂ ಬೇಡ, ಹಾಕಿದರೆ ಇದ್ದ ಹದವೂ ಕೆಡುತ್ತದೆ.

ನಾನು ಬಿಟ್ಟುಬಿಟ್ಟೆ. ಮೂರು ವಾರವಾಯಿತು. ಉರಿ ಹೋಯಿತು.

ಹಾಗಾದರೆ ಹನ್ನೊಂದು ವರ್ಷ ನಾನು ತೊಳೆದದ್ದು ಏನನ್ನು, ಅಮ್ಮಾ? ಇದಕ್ಕೆ ಉತ್ತರ ಬರೆ. ಹವೆ ಹೇಗಿದೆ, ಊಟ ಮಾಡಿದೆಯಾ ಎಂದು ಬರೆದು ಜಾರಿಕೊಳ್ಳಬೇಡ. ನಾಚಿಕೆ ಎನ್ನುವುದು ಹೆಂಗಸರ ಬಾಯಿಗೆ ಹೆಂಗಸರೇ ಹಾಕುವ ಬೀಗ. ನಮ್ಮ ಮನೆಯಲ್ಲಿ ಅದರ ಕೀಲಿ ಇದ್ದದ್ದು ನಿನ್ನ ಹತ್ತಿರ.

ಸಿಟ್ಟು ಇನ್ನೂ ಇಳಿಯದ,
ನಿನ್ನ ಚಿನಕುರುಳಿ


ಜನವರಿ 23

ಚಿನಕುರುಳಿ,

ಓದಿದೆ. ಎರಡೂ ಮಗ್ಗುಲು ಓದಿದೆ. ದಿಂಬಿನ ಕೆಳಗೆ ಇಟ್ಟದ್ದು ನಿಜ, ಎರಡು ದಿನ. ನೀನು ಹೊಟ್ಟೆಯಲ್ಲಿದ್ದಾಗಲೇ ಒದೆಯುವುದು ಜಾಸ್ತಿ, ಈಗ ಅಂಚೆಯಲ್ಲೂ ಒದೆಯುತ್ತೀಯ.

ನೀನು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲ. ನನಗೆ ನನ್ನ ಅಮ್ಮ ಹೇಳಿದ್ದನ್ನು ನಿನಗೆ ಮಾಡಿದೆ. ಆಕೆ ಬೂದಿ ನೀರು ಕೊಟ್ಟಿದ್ದಳು. ನಾನು ಬಾಟಲಿ ಕೊಟ್ಟೆ, ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ. ದಿನಕ್ಕೆ ಇನ್ನೂರು ಹಾಸಿಗೆ ಬಟ್ಟೆ ತೊಳೆಯುವವಳು ನಾನು. ಟೀ ಕಲೆಗೆ ಬಿಸಿನೀರು, ರಕ್ತಕ್ಕೆ ತಣ್ಣೀರು, ಮಸಿಗೆ ಏನೂ ಇಲ್ಲ, ಆ ಬಟ್ಟೆಯನ್ನು ನೆಲ ಒರೆಸಲು ಹಾಕುವುದು. ಕಲೆ ಕಂಡರೆ ಕೈ ತಾನಾಗಿ ಹೋಗುತ್ತದೆ. ಮಗಳ ಬಟ್ಟೆ ನೋಡಿದಾಗಲೂ ಕೈಯೇ ಹೋಯಿತು, ಬಾಯಿ ಬರಲಿಲ್ಲ. ನೀನು ಉರಿ ಉರಿ ಎಂದು ಮಳೆಗಾಲದಿಂದ ಇದ್ದೆ ಎಂದು ಓದಿ ನನಗೆ ಊಟ ಸೇರಲಿಲ್ಲ. ಇದನ್ನು ಹೊಟ್ಟೆಗೆ ಹಾಕಿಕೊ.

ಇನ್ನೊಂದು ವಿಷಯ. ನಿನಗೆ ಇವೆಲ್ಲ ಗೊತ್ತಿದೆ ಎಂದು ಕೇಳುತ್ತೇನೆ. ನನ್ನ ಜೊತೆ ಇಸ್ತ್ರಿ ಮಾಡುವವಳು ಇದ್ದಾಳಲ್ಲ, ನೀನು ಬಂದಾಗ ನಿನ್ನ ಕಾಲರಿಗೆ ಗಂಜಿ ಹಾಕಿ ರಟ್ಟಿನ ಹಾಗೆ ಮಾಡಿಕೊಟ್ಟವಳು. ಅವಳಿಗೆ ಮುಟ್ಟು ನಿಂತು ಆರು ವರ್ಷವಾಯಿತು. ಈಗ ಎರಡು ತಿಂಗಳಿಂದ ಒಳಬಟ್ಟೆಯಲ್ಲಿ ಏನೋ ಕಾಣುತ್ತದಂತೆ. ನೀರು ನೀರಾಗಿ, ಟೀ ಬಣ್ಣಕ್ಕೆ ಇರುತ್ತದೆ. ದಿನಾ ಅಲ್ಲ. ವಾಸನೆಯೂ ಮೊದಲಿನ ಹಾಗಿಲ್ಲ. ವಯಸ್ಸಿನ ದೋಷವೋ, ನಿಂತು ಕೆಲಸ ಮಾಡುವ ಸೊಂಟದ ಸೋಲೋ, ಅವಳಿಗೆ ಗೊತ್ತಾಗುವುದಿಲ್ಲ. ಯಾರನ್ನು ಕೇಳುವುದು ಎಂದು ನನ್ನನ್ನು ಕೇಳಿದಳು. ನಿನ್ನ ಕರಪತ್ರ ಏನು ಹೇಳುತ್ತದೆ?

ಇಲ್ಲಿ ಬಾಯ್ಲರು ಕೆಟ್ಟು ಮೂರು ದಿನ ಎಲ್ಲಾ ತಣ್ಣೀರು. ಊಟ ಮಾಡಿದೆಯಾ ಎಂದು ಕೇಳಬೇಡ ಎಂದಿದ್ದೀಯ, ಕೇಳುವುದಿಲ್ಲ. ಮಾಡು.

ಅಮ್ಮ


ಫೆಬ್ರವರಿ 2

ಅಮ್ಮಾ,

ನಿನ್ನ ಪತ್ರ ಓದಿ ಅಳು ಬಂತು, ಆಮೇಲೆ ಉತ್ಸಾಹ ಬಂತು. ನೋಡಿದೆಯಾ, ನಾವು ಬಾಯಿ ಬಿಟ್ಟ ಕೂಡಲೇ ಇನ್ನೊಬ್ಬಳೂ ಬಾಯಿ ಬಿಟ್ಟಳು! ಕ್ರಾಂತಿ ಹೀಗೆಯೇ ಆಗುತ್ತದೆ, ಬಾವುಟ ಹಿಡಿದು ಅಲ್ಲ, ಒಬ್ಬಳು ಇಸ್ತ್ರಿಯವಳು ಒಬ್ಬಳು ತೊಳೆಯುವವಳ ಕಿವಿಯಲ್ಲಿ ಹೇಳಿ.

ಅವರಿಗೆ ಹೇಳು, ಭಯ ಬೇಡ. ಇದು ಸಹಜ. ಕರಪತ್ರದ ಪ್ರತಿ ಸಾಲನ್ನೂ ಇನ್ನೊಮ್ಮೆ ಓದಿದೆ. ಬಣ್ಣ ಬದಲಾಗುತ್ತದೆ ಎಂದಿದೆ, ಒಣಗಿದಾಗ ಬೇರೆ ಕಾಣುತ್ತದೆ ಎಂದಿದೆ, ವಾಸನೆ ಮೈಯದು ಎಂದಿದೆ. ಮುಟ್ಟು ನಿಂತ ಮೇಲೆ ಹೇಗೆ ಎಂಬ ಮಾತು ಇದರಲ್ಲಿ ಇಲ್ಲ, ನಿಜ. ನನಗೂ ಅದು ಪೂರ್ತಿ ತಿಳಿಯಲಿಲ್ಲ. ಆದರೆ ಕೆಟ್ಟದ್ದಾಗಿದ್ದರೆ ಬರೆಯದೆ ಬಿಡುತ್ತಿದ್ದರೆ? ಹೆಂಗಸಿನ ಮೈಯಿಂದ ಏನೇ ಹೊರಬಂದರೂ ರೋಗ ಎನ್ನುವುದು ಹಳೆಯ ಹೆದರಿಕೆ. ಅವರು ಆ ಬಾಟಲಿಯ ತಂಟೆಗೆ ಹೋಗದಿರಲಿ, ಅಷ್ಟು ನೋಡಿಕೊ.

ನನ್ನ ಕೋಣೆಯಲ್ಲಿ ಇರುವ ಇಬ್ಬರಿಗೂ ಓದಿಸಿದೆ. ಟೈಪಿಸ್ಟು "ಅಯ್ಯೋ, ಊಟದ ಹೊತ್ತಲ್ಲಿ ಇದೇನೇ ಮಾರಾಯ್ತಿ!" ಎಂದಳು. ಆಮೇಲೆ ದೀಪ ಆರಿಸುವ ಮುಂಚೆ ಮೆಲ್ಲಗೆ, "ಆ ಹಾಳೆ ಒಂದ್ಸಲ ಕೊಡೇ" ಎಂದು ಇಸಿದುಕೊಂಡಳು.

ಗೆಲ್ಲುತ್ತಿರುವ,
ಚಿನಕುರುಳಿ


ಮಾರ್ಚ್ 15

ಚಿನಕುರುಳಿ,

ನಿನ್ನ ಕಾಗದಕ್ಕೆ ಉತ್ತರ ಬರೆದಿಲ್ಲ ಎಂದು ಮುನಿಸಿಕೊಂಡಿರುತ್ತೀಯ. ಕೆಲಸ. ಯಾವುದೋ ಸಮ್ಮೇಳನಕ್ಕೆಂದು ಲಾಡ್ಜು ತುಂಬಿತ್ತು.

ಇಸ್ತ್ರಿಯವಳಿಗೆ ನೀನು ಹೇಳಿದ್ದನ್ನೇ ಹೇಳಿದೆ. ಸಹಜ ಎಂದೆ. ನನ್ನ ಮಗಳು ಓದಿದವಳು, ಅಚ್ಚಾಗುವ ಜಾಗದಲ್ಲೇ ಇದ್ದಾಳೆ ಎಂದೆ. ಅವಳು ಸುಮ್ಮನಾದಳು. ಈಗ ಸ್ವಲ್ಪ ಜಾಸ್ತಿಯಂತೆ. ಬಟ್ಟೆ ಮಡಚಿ ಇಟ್ಟುಕೊಳ್ಳುತ್ತಾಳೆ. ಏನೂ ತೊಂದರೆಯಿಲ್ಲ, ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಪೂರಾ ಹೋಗುತ್ತದೆ. ಸುಸ್ತು ಮಾತ್ರ ಇದೆ. ಹೋದ ವಾರ ಅವಳಿಗೆ ಎರಡು ದಿನ ಏಳಲಾಗಲಿಲ್ಲ, ಹಾಗಾಗಿ ನನ್ನ ಎರಡು ರಜೆ ಹೋಯಿತು.

ನೋವೂ ಇಲ್ಲ, ಜ್ವರವೂ ಇಲ್ಲ. ನೋವಿಲ್ಲದ್ದು ರೋಗ ಹೇಗಾದೀತು?

ನಿನ್ನ ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ದೇನೆ. ನೀಲಿ ಮಗ್ಗುಲನ್ನೂ ಓದುತ್ತೇನೆ, ನಿನ್ನ ಮಗ್ಗುಲನ್ನೂ ಓದುತ್ತೇನೆ. ನಿನ್ನ ಮಗ್ಗುಲು ಓದಿದಾಗ ಧೈರ್ಯ ಬರುತ್ತದೆ.

ಅಮ್ಮ


ಏಪ್ರಿಲ್ 20

ಅಮ್ಮಾ,

ಈ ಕಾಗದ ಅಂಗಡಿಯಿಂದ ತಂದದ್ದು, ಎರಡೂ ಕಡೆ ಖಾಲಿ. ಕಾರಣ ಹೇಳುತ್ತೇನೆ.

ಆ ಕರಪತ್ರ ಇನ್ನೂ ಮುಗಿದೇ ಇರಲಿಲ್ಲ. ಒಂದು ಮಗ್ಗುಲು ಅಚ್ಚು ಮಾಡಿ ಎಲ್ಲವನ್ನೂ ಗೋಡೆಯ ಬದಿಗೆ ಪೇರಿಸಿ, ಮೇಲೆ ಹೊದಿಕೆ ಹಾಕಿ ಇಟ್ಟಿದ್ದರು. ಎರಡನೆಯ ಮಗ್ಗುಲಿನ ಬರಹಕ್ಕೆ ಕಚೇರಿಯವರ ಸಹಿ ಬಂದಿರಲಿಲ್ಲ. ನಾಲ್ಕು ತಿಂಗಳು ನಾನು ಆ ರಾಶಿಯ ಪಕ್ಕದಲ್ಲೇ ನಿಂತು ಬೇರೆ ಬೇರೆ ಹಾಳೆ ಮಡಚಿದ್ದೇನೆ. ಹಿಂಬದಿ ಖಾಲಿ ಇರುವುದು ನಾನು ಬರೆಯಲಿ ಎಂದೇ ಅಂದುಕೊಂಡೆ. ಮಡಚುವವಳಿಗೆ, ದಿನವಿಡೀ ಹಾಳೆ ತಿರುಗಿಸುವುದೇ ಕೆಲಸವಾಗಿರುವವಳಿಗೆ, ಇದಕ್ಕೊಂದು ಹಿಂಭಾಗ ಇದ್ದೀತು ಎಂದು ಹೊಳೆಯಲಿಲ್ಲ.

ಇವತ್ತು ಹಿಂಭಾಗ ಅಚ್ಚಾಗಿ ಮೇಜಿಗೆ ಬಂತು. ಕೆಂಪು ಅಕ್ಷರ. "ಯಾವಾಗ ತೋರಿಸಬೇಕು" ಎಂದು ತಲೆಬರಹ. ಮೊದಲ ಹಾಳೆ ಮಡಚುವಾಗಲೇ ಕಣ್ಣಿಗೆ ಬಿತ್ತು. ಮೇಸ್ತ್ರಿ, "ಏನಮ್ಮಾ, ಹಾಳೆ ಮಡಚೋಕೆ ಇಟ್ಟಿದ್ದಾರೋ, ಪಾರಾಯಣಕ್ಕೋ?" ಎಂದರು. ನಾನು ಕೊನೆಯ ಸಾಲಿನ ತನಕ ಓದಿಯೇ ಮಡಚಿದೆ.

ಅಲ್ಲಿದ್ದುದನ್ನು ಬರೆಯುತ್ತೇನೆ. ಹಸಿರು ಅಥವಾ ಬೂದು ಬಣ್ಣ ಬಂದರೆ, ಮೀನಿನ ಹಾಗೆ ಗಟ್ಟಿ ವಾಸನೆ ಬಂದರೆ, ಒಡೆದ ಹಾಲಿನಂತೆ ಗಟ್ಟಿಯಾಗಿ ಬಂದು ತುರಿಸಿದರೆ, ಉರಿದರೆ, ಹುಣ್ಣಾದರೆ, ಕಿಬ್ಬೊಟ್ಟೆ ನೋವು, ಜ್ವರ ಇದ್ದರೆ ತೋರಿಸಬೇಕು. ಎರಡು ಮುಟ್ಟಿನ ನಡುವೆ ಅಥವಾ ಗಂಡನ ಜೊತೆ ಕೂಡಿದ ಮೇಲೆ ರಕ್ತ ಕಂಡರೂ ತೋರಿಸಬೇಕು. ನನ್ನ ಉರಿಯೂ ಅದರಲ್ಲಿತ್ತು. ಅದೃಷ್ಟಕ್ಕೆ ತಾನಾಗಿ ಹೋಯಿತು, ನಾನು ಅದನ್ನು ಜ್ಞಾನ ಎಂದುಕೊಂಡೆ.

ಕೊನೆಯ ಸಾಲಿಗೆ ಸುತ್ತ ಗೆರೆ ಹಾಕಿದ್ದಾರೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ, ಗುಲಾಬಿಯಾಗಲಿ, ಕೆಂಪಾಗಲಿ, ಕಂದಾಗಲಿ, ಒಂದು ಹನಿ ರಕ್ತ ಕಂಡರೂ, ನೋವು ಇಲ್ಲದಿದ್ದರೂ, ತಡಮಾಡದೆ ವೈದ್ಯರಿಗೆ ತೋರಿಸಿ. ಬಹಳ ಸಲ ಸಣ್ಣ ಕಾರಣವೇ ಇರುತ್ತದೆ. ಕೆಲವು ಸಲ ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತು ಅದೇ.

ಇಸ್ತ್ರಿಯಮ್ಮನನ್ನು ನಾಳೆಯೇ ಕರೆದುಕೊಂಡು ಹೋಗು. ಸಹಜ ಎಂದು ಹೇಳಿದ್ದು ತಪ್ಪು ಎಂದು ಹೇಳು. ನನ್ನ ತಪ್ಪು ಎಂದೇ ಹೇಳು. ನೀನು ಹೇಳಲು ಹಿಂಜರಿಯುತ್ತೀಯ ಎಂದು ಅವರಿಗೂ ಬೇರೆ ಲಕೋಟೆಯಲ್ಲಿ ಬರೆದಿದ್ದೇನೆ, ಕ್ಷಮೆ ಕೇಳಿ.

ಚಿನಕುರುಳಿ


ಏಪ್ರಿಲ್ 27

ಮಗಳೇ,

ನಿನ್ನ ಕಾಗದ ಬಂತು. ನನಗೆ ಬರೆಯೋಕೆ ಅಷ್ಟಾಗಿ ಬರೋಲ್ಲ, ಮಾತಾಡಿದ ಹಾಗೇ ಬರೀತೀನಿ, ನಗಬೇಡ.

ನೀನು ನನ್ನ ಹತ್ರ ಕ್ಷಮೆ ಕೇಳಿದ್ದೀಯ. ಯಾಕೆ ಅಂತ ಮೂರು ಸಲ ಓದಿದರೂ ಗೊತ್ತಾಗಲಿಲ್ಲ. ಆರು ವರ್ಷದ ಹಿಂದೆ ಮುಟ್ಟು ನಿಂತಿದೆ ಅಂತ ಬರೆದಿದ್ದೀಯ. ನನಗೆ ಈಗ ಮೂವತ್ತೊಂಬತ್ತು ಕಣೇ! ಹೋದ ವಾರ ತಾನೇ ಹೊಟ್ಟೆನೋವು ಅಂತ ಬಿಸಿ ಇಸ್ತ್ರಿಪೆಟ್ಟಿಗೆ ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿ ಇಟ್ಕೊಂಡು ಕೂತಿದ್ದೆ. ನಿಮ್ಮಮ್ಮನೇ ಬೈದಳು, ಸುಟ್ಕೋತೀಯ ಅಂತ. ನನ್ನ ಒಳಬಟ್ಟೆಯಲ್ಲಿ ಟೀ ಬಣ್ಣನೂ ಇಲ್ಲ, ಕಾಫಿ ಬಣ್ಣನೂ ಇಲ್ಲ.

ಕೂತು ಯೋಚನೆ ಮಾಡಿದೆ. ಆಮೇಲೆ ಎದ್ದು ಹೋಗಿ ನಿಮ್ಮಮ್ಮನ ಬಕೆಟ್ಟು ನೋಡಿದೆ. ಕೋಣೆಯ ಮೂಲೇಲಿ, ಮೇಲೊಂದು ತಟ್ಟೆ ಮುಚ್ಚಿದ ಬಕೆಟ್ಟು. ತಣ್ಣೀರು. ಅದು ಯಾಕೆ ಅಂತ ನಮ್ಮ ಕೆಲಸದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಅಕ್ಕಾ, ಇದೇನು?" ಅಂದೆ.

"ನಿನ್ನದು," ಅಂದಳು. ನಿಜವಾಗ್ಲೂ ಹಾಗೇ ಅಂದಳು! ಆಮೇಲೆ ಅವಳಿಗೇ ನಗು ಬಂತು, ನಗ್ತಾ ನಗ್ತಾ ಮಂಚದ ಮೇಲೆ ಕೂತುಬಿಟ್ಟಳು. ನಾನು ನಗಲಿಲ್ಲ. "ನನ್ನ ಹೆಸರಲ್ಲಿ ಕಾಯಿಲೆ ಬೀಳೋಕೆ ಯಾರು ಹೇಳಿದ್ರು ನಿಂಗೆ? ನಡಿ ಆಸ್ಪತ್ರೆಗೆ," ಅಂದೆ. "ಮಗಳು ಸಹಜ ಅಂದಿದ್ದಾಳೆ, ಅವಳಿಗೆ ಗೊತ್ತಿರುತ್ತೆ" ಅಂದಳು. ನಿನ್ನ ಹೊಸ ಕಾಗದ ಬಂದಿದ್ದು ಅವಳ ಹತ್ರಾನೂ ಇತ್ತು. ಒಡೆದಿರಲಿಲ್ಲ. ನೀಲಿ ಹಾಳೆ ಅಲ್ಲ ಅಂತ ಲಕೋಟೆ ಹಿಡಿದ ಕೂಡಲೇ ಗೊತ್ತಾಯ್ತಂತೆ, ಅದಕ್ಕೇ ಭಯ ಆಯ್ತಂತೆ.

ನಾನೇ ಒಡೆದು ಓದಿದೆ, ಜೋರಾಗಿ. ಬೈಯೋದಾದ್ರೆ ನನ್ನನ್ನ ಬೈ.

ಇಸ್ತ್ರಿಯವಳು


ಏಪ್ರಿಲ್ 30

ಅಮ್ಮಾ,

ಇಸ್ತ್ರಿಯಕ್ಕನ ಕಾಗದ ಬಂತು.

ನಿನ್ನ ಜನವರಿಯ ಪತ್ರವನ್ನು ತೆಗೆದು ಓದಿದೆ. ಟೀ ಕಲೆಗೆ ಬಿಸಿನೀರು, ರಕ್ತಕ್ಕೆ ತಣ್ಣೀರು. ಮಾರ್ಚಿನದನ್ನು ತೆಗೆದೆ. ಟೀ ಬಣ್ಣದ್ದನ್ನು ತಣ್ಣೀರಿನಲ್ಲಿ ನೆನೆಸಿದೆ ಎಂದು ಬರೆದಿದ್ದೀಯ. ನಿನಗೆ ಗೊತ್ತಿತ್ತು. ನಿನ್ನ ಕೈಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮಾತು ಕೇಳಿದೆ.

ಹನ್ನೊಂದು ವರ್ಷ ನಾನು ನಿನ್ನ ಮಾತು ಕೇಳಿ ತೊಳೆದೆ ಎಂದು ನಿನ್ನ ಮೇಲೆ ಹರಿಹಾಯ್ದೆ. ನೀನು ನನ್ನ ಮಾತು ಕೇಳಿ ಮೂರು ತಿಂಗಳು ಸುಮ್ಮನಿದ್ದೆ. ಯಾವುದು ಹೆಚ್ಚು, ಯಾವುದು ಕಡಿಮೆ, ನನಗೆ ತಿಳಿಯುತ್ತಿಲ್ಲ. ಏನೂ ತಿಳಿಯುತ್ತಿಲ್ಲ. ಮೊನ್ನೆ ಟೈಪಿಸ್ಟು ನನ್ನನ್ನು ಏನೋ ಕೇಳಿದಳು, ಅವಳಿಗೆ ತುರಿಕೆಯಂತೆ. ನನ್ನ ಬಾಯಿಂದ ಬಂದದ್ದು ಒಂದೇ ಮಾತು, "ನನ್ನ ಕೇಳಬೇಡ, ಡಾಕ್ಟರ ಹತ್ತಿರ ಹೋಗು."

ಕರಪತ್ರ ಸುಳ್ಳು ಹೇಳಲಿಲ್ಲ, ಅಮ್ಮಾ. ಅದರ ಒಂದೊಂದು ಮಾತೂ ನಿಜ. ನಿಜದಲ್ಲಿ ಅರ್ಧ ನನ್ನ ಹತ್ತಿರ ಇರಲಿಲ್ಲ. ಆ ಅರ್ಧ ಇರಬೇಕಾದ ಜಾಗದಲ್ಲಿ ನಾನು ಬರೆದುಬಿಟ್ಟೆ.

ಮೇಸ್ತ್ರಿಗೆ ಹೇಳಿ ರಜೆ ಹಾಕಿದ್ದೇನೆ, ಹತ್ತನೇ ತಾರೀಖಿಗೆ ಬರುತ್ತೇನೆ. ಅಷ್ಟರೊಳಗೆ ನೀನು ಹೋಗದಿದ್ದರೆ ಬಟ್ಟೆಯ ಗಂಟು ಹೊತ್ತ ಹಾಗೆ ಹೊತ್ತುಕೊಂಡು ಹೋಗುತ್ತೇನೆ.

ನಾನು


ಮೇ 6

ಚಿನಕುರುಳಿ,

"ನಾನು" ಎಂದು ಸಹಿ ಹಾಕಿದ್ದೀಯ. ಯಾವ ನಾನು? ನನಗೆ ಇರುವವಳು ಚಿನಕುರುಳಿ ಒಬ್ಬಳೇ. ಇನ್ನು ಮೇಲೆ ಸರಿಯಾಗಿ ಸಹಿ ಹಾಕು.

ಹೋಗಿ ಬಂದೆ. ಇಸ್ತ್ರಿಯವಳು ಎಳೆದುಕೊಂಡು ಹೋದಳು. ಸಾಲಿನಲ್ಲಿ ಕೂತಾಗ ಎಲ್ಲರಿಗೂ ಕೇಳುವ ಹಾಗೆ, "ನನಗೆ ಅಲ್ಲ, ಇವಳಿಗೆ!" ಎಂದಳು. ಮರ್ಯಾದೆ ಹೋಯಿತು ಎಂದುಕೊಂಡೆ. ಪಕ್ಕದಲ್ಲಿದ್ದ ಮುದುಕಿ ಮೆಲ್ಲಗೆ, "ನನಗೂ ಅದೇ," ಎಂದು ನನ್ನ ಕೈ ಹಿಡಿದುಕೊಂಡಳು. ಅವಳನ್ನು ಒಳಗೆ ಕರೆಯುವ ತನಕ ಬಿಡಲಿಲ್ಲ.

ಡಾಕ್ಟರು ಹೆಂಗಸು, ನಿನ್ನಂತೆಯೇ ಚೂಪು. "ಎಷ್ಟು ದಿನದಿಂದ?" ಎಂದರು. ಇಂಥ ಲೆಕ್ಕ ನನಗೆ ಎಲ್ಲಿ ನೆನಪಿರಬೇಕು? ನಿನ್ನ ಕಾಗದಗಳಿಗೆ ತಾರೀಖು ಇರುತ್ತದಲ್ಲ, ಅವನ್ನೂ ನಾನು ಬರೆಯುವ ಮುಂಚೆ ಮಾಡಿದ ಕರಡುಗಳನ್ನೂ ಚೀಲದಲ್ಲಿ ತಂದಿದ್ದೆ. ಒಂದೊಂದೇ ತೆಗೆದು, ಇದಕ್ಕೆ ಎರಡು ತಿಂಗಳ ಮುಂಚೆ ಶುರುವಾಯಿತು, ಇದು ಬಂದಾಗ ಜಾಸ್ತಿಯಾಯಿತು ಎಂದು ತೋರಿಸಿದೆ. ನಿನ್ನದನ್ನು ಓದಬೇಡಿ ಎಂದರೂ ಕೇಳಲಿಲ್ಲ. ಓದಿದರು. ಆ ಬೂದಿ, ಬಾಟಲಿ, ಮುಚ್ಚಳ ಎಲ್ಲಾ ಓದಿದರು. ನಗಲಿಲ್ಲ. "ನನ್ನ ಅಮ್ಮ ಉಪ್ಪುನೀರು ಕೊಡ್ತಿದ್ರು," ಎಂದರು.

ಹೊಟ್ಟೆಯ ಮೇಲೆ ಏನೋ ಸವರಿ ಪರದೆಯಲ್ಲಿ ನೋಡಿದರು. ಆಮೇಲೆ ಒಳಗಿನಿಂದ ಚೂರು ತೆಗೆದುಕೊಂಡರು. ನೋವಾಯಿತು, ಸುಳ್ಳು ಹೇಳುವುದಿಲ್ಲ. ಸ್ವಲ್ಪ ಹೊತ್ತು. "ವಯಸ್ಸಾದ ಮೇಲೆ ಒಳಪೊರೆ ತೆಳ್ಳಗಾಗಿ ಹೀಗೆ ಆಗ್ತದೆ, ಸಣ್ಣ ಗಂಟಿದ್ದರೂ ಆಗ್ತದೆ, ದೊಡ್ಡದಿದ್ದರೂ ಆಗ್ತದೆ. ಪರೀಕ್ಷೆ ಮಾಡದೆ ಹೇಳೋಕೆ ನಾನು ಕಣಿ ಹೇಳೋಳಲ್ಲ," ಎಂದರು. ಬೇಗ ಬಂದೆನಾ, ತಡವಾಯಿತಾ ಎಂದು ಕೇಳಿದೆ. "ಬಂದಿದ್ದೀರಲ್ಲ," ಎಂದರು. ಅದು ಒಳ್ಳೆಯದಕ್ಕೆ ಹೇಳಿದ್ದೋ, ಸಮಾಧಾನಕ್ಕೆ ಹೇಳಿದ್ದೋ ತಿಳಿಯಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಒಂದು ಮಾತನ್ನೇ ತಿರುವಿ ತಿರುವಿ ನೋಡಿದೆ.

ಫಲಿತಾಂಶ ಹನ್ನೆರಡನೇ ತಾರೀಖಿಗೆ ಕೊಡುತ್ತಾರೆ.

ಒಂದು ಹೇಳಬೇಕು. ಹೊರಡುವಾಗ ಡಾಕ್ಟರು ನಿನ್ನ ಹಾಳೆಯ ನೀಲಿ ಮಗ್ಗುಲನ್ನು ನೋಡುತ್ತಾ, "ಇದು ನಮ್ಮ ಕಚೇರಿಯದೇ ಕರಪತ್ರ. ಎರಡನೇ ಮಗ್ಗುಲಿನ ಬರಹ ನಾನೇ ಬರೆದದ್ದು, ನಾಲ್ಕು ತಿಂಗಳು ಸಹಿಗೆ ಕೂತಿತ್ತು," ಎಂದರು. ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ, "ಯಾವಾಗ ಬರಬೇಕು ಅಂತ ಇರೋ ಮಗ್ಗುಲೇ ಇಲ್ಲದ ಹಾಳೇನ ಜನಕ್ಕೆ ಯಾರು ಕೊಟ್ರು? ನಾನು ಬರೆದದ್ದು ಇರಬೇಕಾದ ಜಾಗದಲ್ಲಿ ಇದೇನಿದೆ?" ಎಂದರು.

"ನನ್ನ ಮಗಳಿದ್ದಾಳೆ," ಎಂದೆ.

ಅವರು ಹಾಳೆಯನ್ನು ತಿರುಗಿಸಿ, ಮತ್ತೆ ತಿರುಗಿಸಿ, ನನ್ನ ಕೈಗೆ ಕೊಟ್ಟರು.

ಹತ್ತಕ್ಕೆ ಬಾ, ಹನ್ನೆರಡರ ತನಕ ಇರು. ಏನೂ ಓದಿಕೊಂಡು ಬರಬೇಡ. ಅವರು ಹೇಳುವುದನ್ನು ಇಬ್ಬರೂ ಜೊತೆಯಲ್ಲಿ ಕೂತು ಕೇಳೋಣ, ಕೊನೆಯ ತನಕ.

ಅಮ್ಮ